ಪೆಟ್ ಸ್ಕ್ಯಾನ್ ಕೆಡುವುದು ಮಷಿನ್ ಒಳಗಲ್ಲ

ಹೆಚ್ಚಾಗಿ ಕ್ಯಾನ್ಸರ್ ಹುಡುಕಲು ಮಾಡುವ ಪೆಟ್-ಸಿಟಿ ಸ್ಕ್ಯಾನಿನ ಟೇಬಲ್ ಮೇಲೆ ರೋಗಿ ಮಲಗುವುದು ಸಾಮಾನ್ಯವಾಗಿ 20–25 ನಿಮಿಷ. ಚಿತ್ರ ನಂಬುವ ಹಾಗಿರುತ್ತದೋ ಇಲ್ಲವೋ ಎಂಬುದು ಬಹುಪಾಲು ಅದಕ್ಕೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಹಾಗಾಗಿ ಈ ವಿಭಾಗಕ್ಕೆ ಹೊಸದಾಗಿ ಬರುವ ಟೆಕ್ನಿಷಿಯನ್ ಮೊದಲು ಕಲಿಯಬೇಕಾದ್ದು ಕನ್ಸೋಲ್ ಅಲ್ಲ, ರೋಗಿಯನ್ನು ವಿಚಾರಿಸುವುದು.

ನಾವು ಚುಚ್ಚುವ ಎಫ್‌ಡಿಜಿ ಗ್ಲೂಕೋಸಿನ ವೇಷದಲ್ಲಿರುವ, ವಿಕಿರಣ ಸೂಸುವ ಫ್ಲೋರಿನ್-18. ಹಸಿದ ಜೀವಕೋಶ ಅದನ್ನು ಸಕ್ಕರೆ ಅಂದುಕೊಂಡು ಎಳೆದುಕೊಳ್ಳುತ್ತದೆ, ಫಾಸ್ಫೇಟ್ ಅಂಟಿಸುತ್ತದೆ, ಆಮೇಲೆ ಮುಂದಕ್ಕೆ ಅರಗಿಸಲಾಗದೆ ಒಳಗೇ ಇಟ್ಟುಕೊಳ್ಳುತ್ತದೆ. ಫ್ಲೋರಿನ್ ಬಿಟ್ಟ ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಹತ್ತಿರದ ಎಲೆಕ್ಟ್ರಾನನ್ನು ಸೇರಿ ಎರಡೂ ಇಲ್ಲವಾದಾಗ 511 ಕೆಇವಿ ಶಕ್ತಿಯ ಎರಡು ಗಾಮಾ ಕಿರಣಗಳು ಎದುರುಬದುರಾಗಿ ಹೊರಡುತ್ತವೆ. ಡಿಟೆಕ್ಟರ್ ಉಂಗುರ ಎರಡನ್ನೂ ಒಟ್ಟಿಗೆ ಹಿಡಿದರೆ, ಮೂಲ ಅವೆರಡೂ ಬಡಿದ ಜಾಗಗಳನ್ನು ಸೇರಿಸುವ ಗೆರೆಯ ಮೇಲೆಲ್ಲೋ ಇದೆ ಎಂದು ಗೊತ್ತಾಗುತ್ತದೆ. ಇಂಥ ಲಕ್ಷಾಂತರ ಗೆರೆಗಳಿಂದ ಚಿತ್ರ ಮೂಡುತ್ತದೆ.

ತೊಂದರೆ ಏನೆಂದರೆ, ಸಕ್ಕರೆ ಬೇಕಾದ್ದು ಕ್ಯಾನ್ಸರ್ ಗಡ್ಡೆಗೊಂದಕ್ಕೇ ಅಲ್ಲ. ಕನಿಷ್ಠ 4–6 ಗಂಟೆ ಉಪವಾಸ ಎಂದು ಹೇಳಿರುತ್ತೇವೆ. ಬೆಳಿಗ್ಗೆ ಬಂದವರನ್ನು “ಊಟ ಆಯ್ತಾ?” ಅಂದರೆ ಇಲ್ಲ ಅಂತಾರೆ, ಅದು ನಿಜವೇ. ಕಾಫಿ, ಎಳನೀರು, ಗಂಜಿ ಅವರ ಲೆಕ್ಕದಲ್ಲಿ ಊಟವಲ್ಲ. “ಅಮ್ಮಾ, ಎದ್ದಾಗಿಂದ ನೀರು ಬಿಟ್ಟು ಬಾಯಿಗೆ ಏನೇನು ಹಾಕ್ಕೊಂಡ್ರಿ?” ಅಂತಲೇ ಕೇಳಬೇಕು. ಹೊಟ್ಟೆಗೆ ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತದೆ, ಎಫ್‌ಡಿಜಿ ಸ್ನಾಯುಗಳಿಗೆ ಹರಿದುಹೋಗುತ್ತದೆ, ಚಿತ್ರದಲ್ಲಿ ಗಡ್ಡೆ ಮಂಕಾಗುತ್ತದೆ. ರಕ್ತದ ಸಕ್ಕರೆ 200 ಮಿ.ಗ್ರಾಂ/ಡೆ.ಲೀ. ದಾಟಿದ್ದರೆ ಸಾಮಾನ್ಯವಾಗಿ ಮುಂದೂಡುತ್ತೇವೆ. ಆಗಲೇ ಇನ್ಸುಲಿನ್ ಕೊಟ್ಟು ಇಳಿಸಿ ತಕ್ಷಣ ಎಫ್‌ಡಿಜಿ ಚುಚ್ಚುವುದು ಇನ್ನೂ ದೊಡ್ಡ ತಪ್ಪು, ಸ್ನಾಯುಗಳೆಲ್ಲ ಬೆಳಗುತ್ತವೆ. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರ ಕರುಳು ಹೊಳೆದು ಅಲ್ಲಿನ ಗಡ್ಡೆಯನ್ನು ಮರೆಮಾಡಬಹುದು. ಆ ಮಾತ್ರೆಯನ್ನು ಎರಡು ದಿನ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಅವರ ಡಾಕ್ಟರೇ ಹೇಳಬೇಕು.

ಚುಚ್ಚಿದ ಮೇಲೆ ಸುಮಾರು 60 ನಿಮಿಷ ಸುಮ್ಮನೆ ಒರಗಿರಬೇಕು. ಫೋನಿನಲ್ಲಿ ಮಾತಾಡಿದರೆ ಧ್ವನಿಪೆಟ್ಟಿಗೆ ಹೊಳೆಯುತ್ತದೆ, ಎಲೆಯಡಿಕೆ ಅಗಿದರೆ ದವಡೆಯ ಸ್ನಾಯು. ಎಸಿ ಚಳಿಗೆ ನಡುಗಿದರೆ ಕತ್ತು ಮತ್ತು ಕೊರಳೆಲುಬಿನ ಮೇಲಿನ ಕಂದು ಕೊಬ್ಬು (ಮೈ ಬೆಚ್ಚಗಿಡಲು ಉರಿಯುವ ಕೊಬ್ಬು) ಹೊತ್ತಿಕೊಂಡು ರೋಗ ತಗುಲಿದ ದುಗ್ಧರಸ ಗ್ರಂಥಿಯಂತೆ (ಲಿಂಫ್ ನೋಡ್) ಕಾಣುತ್ತದೆ. ಒಂದು ಕಂಬಳಿ ಹೊದಿಸಿದರೆ ಮುಗಿಯುವ ಕೆಲಸ.

ಇನ್ನು ಅಂಕಿ. ರಿಪೋರ್ಟಿನಲ್ಲಿ ಬರುವ ಎಸ್‌ಯುವಿ ಒಂದು ಜಾಗ ಎಷ್ಟು ಔಷಧ ಹೀರಿದೆ ಎಂಬುದರ ಅಳತೆ, ಅಂದರೆ ಆ ಜಾಗದ ವಿಕಿರಣ ಪ್ರಮಾಣವನ್ನು ಕೊಟ್ಟ ಡೋಸಿನಿಂದ ಭಾಗಿಸಿ ತೂಕದಿಂದ ಗುಣಿಸಿದ್ದು. 70 ಕೆಜಿಯವರನ್ನು ಬಾಯಿಮಾತು ನಂಬಿ 60 ಎಂದು ಬರೆದರೆ ಎಲ್ಲ ಎಸ್‌ಯುವಿಯೂ ಶೇ. 14ರಷ್ಟು ಕುಸಿಯುತ್ತದೆ. ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿ. ಫ್ಲೋರಿನ್-18ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಸಮಯ) ಸುಮಾರು 110 ನಿಮಿಷ, ಆದ್ದರಿಂದ ಡೋಸ್ ಅಳೆಯುವ ಯಂತ್ರದ ಗಡಿಯಾರಕ್ಕೂ ಸ್ಕ್ಯಾನರ್ ಗಡಿಯಾರಕ್ಕೂ 10 ನಿಮಿಷ ವ್ಯತ್ಯಾಸವಿದ್ದರೆ ಶೇ. 6ರಷ್ಟು ತಪ್ಪು. ಸಿರಿಂಜಿನಲ್ಲಿ ಉಳಿದದ್ದನ್ನೂ ಅಳೆದು ಡೋಸಿನ ಲೆಕ್ಕದಿಂದ ಕಳೆಯಬೇಕು. ಔಷಧ ರಕ್ತನಾಳದ ಹೊರಗೆ ಸೋರಿದರಂತೂ ಎಸ್‌ಯುವಿ ನಂಬುವ ಹಾಗಿಲ್ಲ, ಅದೇ ಬದಿಯ ಕಂಕುಳ ಗ್ರಂಥಿಯೂ ಸುಮ್ಮಸುಮ್ಮನೆ ಬೆಳಗಬಹುದು. ಸೋರಿದ್ದನ್ನು ಮುಚ್ಚಿಡದೆ, ಯಾವ ಕೈ ಎಂದು ಬರೆದಿಡಿ.

ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ, ನಮ್ಮ ಕಡೆ ಅಂತೂ ಅಲ್ಲ. ಕ್ಷಯದ ಗ್ರಂಥಿ ಲಿಂಫೋಮಾದಷ್ಟೇ (ದುಗ್ಧರಸ ಗ್ರಂಥಿಯ ಕ್ಯಾನ್ಸರ್) ಹೊಳೆಯುತ್ತದೆ, ಕೊನೆಗೆ ಬಯಾಪ್ಸಿಯೇ ಗತಿ. ಕೀಮೋ ನಂತರ ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಹಾಕಿದ್ದರೆ ಮೂಳೆಮಜ್ಜೆ ಪೂರ್ತಿ ಬೆಳಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪ್ರಾಸ್ಟೇಟ್ ಗಡ್ಡೆ ಎಫ್‌ಡಿಜಿಯನ್ನು ಹಲವು ಸಲ ಹೀರುವುದೇ ಇಲ್ಲ, ಅದಕ್ಕೆ ಪಿಎಸ್‌ಎಂಎ (ಪ್ರಾಸ್ಟೇಟ್ ಜೀವಕೋಶದ ಮೇಲಿನ ಒಂದು ಪ್ರೋಟೀನ್) ಹುಡುಕುವ ಪೆಟ್ ಬೇರೆಯೇ ಇದೆ.

ಆದ್ದರಿಂದ ಟಿಬಿ ಇತಿಹಾಸ, ಕೀಮೋ ಮತ್ತು ರೇಡಿಯೇಷನ್ ಮುಗಿದ ದಿನಾಂಕ, ಇತ್ತೀಚಿನ ಸರ್ಜರಿ, ಆ ಇಂಜೆಕ್ಷನ್ ಹಾಕಿದ ದಿನ, ಎಲ್ಲವನ್ನೂ ಫಾರ್ಮಿನಲ್ಲಿ ತುಂಬಿಸಿಕೊಳ್ಳಿ. ಸಂಜೆ ಡಾಕ್ಟರು ರಿಪೋರ್ಟ್ ಬರೆಯಲು ಕೂತಾಗ ಕೇಳೋಣವೆಂದರೆ ರೋಗಿ ಆಗಲೇ ಊರಿನ ಬಸ್ಸು ಹತ್ತಿರುತ್ತಾರೆ.