ಮೊದಲು ಕಲಿತದ್ದು ಬ್ರೇಕ್

ಕರಾವಳಿಯವರಿಗೆ ವೇಗ ಹೊಸದಲ್ಲ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಮುಂದಿನ ಸೀಟಿನಲ್ಲಿ ಒಮ್ಮೆ ಕೂತವರಿಗೆ ಅದು ಗೊತ್ತು. ಐಸ್ ಹಾಕಿದ ಮೀನು ತುಂಬಿಕೊಂಡು ಮಲ್ಪೆಯಿಂದ ಕೇರಳಕ್ಕೆ ಓಡುವ ಲಾರಿಗಳ ಹಿಂದೆ ಹೋದವರಿಗೂ ಗೊತ್ತು. ಆದರೆ ಅದೆಲ್ಲ ಬೇರೆಯವರು ಓಡಿಸುವ ವೇಗ. ನಾವು ಸೀಟಿನ ಕಂಬಿ ಹಿಡಿದು ಕೂತಿರುತ್ತೇವೆ. ಸ್ಟಿಯರಿಂಗ್ ನನ್ನ ಕೈಯಲ್ಲೇ ಇದ್ದರೆ, ಎದುರಿಗೆ ದನ, ಆಟೋ, ಶಾಲೆ ಮಕ್ಕಳು ಯಾರೂ ಬರದ ರಸ್ತೆ ಇದ್ದರೆ ಹೇಗಿರುತ್ತದೆ ಅನ್ನುವ ಆಸೆ ನನಗೆ ಮೂವತ್ತು ದಾಟಿದ ಮೇಲೆ ಹಿಡಿಯಿತು.

ನಾನು ಮಂಗಳೂರಿನ ಕದ್ರಿ ಹತ್ತಿರ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಕಾರನ್ನು ಸರ್ವಿಸಿಗೆ ಬಿಡುವ ಗ್ಯಾರೇಜಿನ ಅಣ್ಣ ಹಿಂದೆ ರ‍್ಯಾಲಿಗಳಲ್ಲಿ ನ್ಯಾವಿಗೇಟರ್ ಆಗಿದ್ದವರು. ಚಾಲಕನ ಪಕ್ಕ ಕೂತು, ಮುಂದಿನ ತಿರುವು ಎಷ್ಟು ಬಿಗಿ ಅಂತ ಪೇಸ್ ನೋಟ್ಸ್ ಓದಿ ಹೇಳುವ ಕೆಲಸ. ಅವರ ಹತ್ತಿರ ನನ್ನ ಆಸೆ ಹೇಳಿದೆ. ಅವರು ನಗಲಿಲ್ಲ.

"ಹೈವೇಯಲ್ಲಿ ಎಂತದೂ ಮಾಡ್ಲಿಕ್ಕಿಲ್ಲ. ರೇಸ್ ಕಲಿಯುವುದು ಟ್ರ್ಯಾಕಿನಲ್ಲೇ. ಅದಕ್ಕೆ ಮೊದಲು ಬ್ರೇಕ್ ಹಾಕ್ಲಿಕ್ಕೆ ಕಲಿ ಮಾರಾಯ್ತಿ" ಅಂದರು.

ಬಜಪೆ ಕಡೆ ಅವರ ಪರಿಚಯದವರ ಖಾಲಿ ಜಾಗ ಒಂದಿತ್ತು. ಮುರಕಲ್ಲಿನ ಕೆಂಪು ನೆಲ, ಮಳೆ ಬಿದ್ದರೆ ಜಾರುತ್ತದೆ. ಅಲ್ಲಿಗೆ ತಮ್ಮ ಹಳೆಯ ಮಾರುತಿ 800 ತಂದರು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಉರುಳದೆ ಲಾಕ್ ಆಗುವುದನ್ನು ತಡೆಯುವ ಎಬಿಎಸ್ ಅದರಲ್ಲಿ ಇಲ್ಲ, ಅದಕ್ಕೇ ಅದನ್ನು ತಂದದ್ದು. ಕೋನ್ ಇಟ್ಟು, ಅಲ್ಲಿ ಜೋರಾಗಿ ಬ್ರೇಕ್ ಒತ್ತಿ ಸ್ಟಿಯರಿಂಗ್ ತಿರುಗಿಸು ಅಂದರು. ಮುಂದಿನ ಚಕ್ರ ಪಕ್ಕಕ್ಕೆ ತಿರುಗಿತು, ಕಾರು ತಿರುಗಲಿಲ್ಲ. ನೇರ ಜಾರುತ್ತಾ ಹೋಯಿತು. ಹಾಗಾಗುತ್ತದೆ ಅಂತ ತೋರಿಸಲಿಕ್ಕೇ ಅವರು ಹೇಳಿದ್ದು. "ಈಗ ಪೆಡಲ್ ಸ್ವಲ್ಪ ಬಿಡು." ಸ್ವಲ್ಪ ಬಿಟ್ಟ ಕೂಡಲೇ ಮೂತಿ ಒಳಗೆ ಎಳೆಯಿತು. ಆ ಒಂದು ಕ್ಷಣ ನನ್ನ ಪಾದಕ್ಕೆ ಗೊತ್ತಾದದ್ದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.

ಕಾರಣ ಸರಳ. ಒಂದು ಟಯರು ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಅದಕ್ಕೆ ಇರುವ ಹಿಡಿತಕ್ಕೆ ಒಂದು ಮಿತಿ ಉಂಟು. ಬ್ರೇಕಿಗೂ ಅದೇ ಹಿಡಿತ, ತಿರುವಿಗೂ ಅದೇ. ಅಣ್ಣ ಅದನ್ನು ನನ್ನ ಭಾಷೆಯಲ್ಲೇ ಹೇಳಿದರು: "ಸಂಬಳ ಒಂದೇ. ಬಾಡಿಗೆ ಅದರಲ್ಲೇ ಕೊಡಬೇಕು, ಸಾಮಾನೂ ಅದರಲ್ಲೇ ತರಬೇಕು. ಪೂರ್ತಿ ಬ್ರೇಕಿಗೆ ಕೊಟ್ಟರೆ ತಿರುವಿಗೆ ಎಂತ ಉಂಟು?" ಹಾಗಾಗಿ ನೇರ ರಸ್ತೆಯಲ್ಲೇ ಬ್ರೇಕ್ ಮುಗಿಸು, ಆಮೇಲೆ ತಿರುಗಿಸು. ಇದು ಮೊದಲ ಪಾಠ. ಎರಡನೆಯದು ಕಣ್ಣಿನದು. ಕೋನನ್ನು ನೋಡಿದರೆ ಕೋನಿಗೇ ಗುದ್ದುತ್ತೇವೆ. ಹೋಗಬೇಕಾದ ಜಾಗ ನೋಡಿದರೆ ಕೈ ತಾನಾಗಿ ಅತ್ತ ತಿರುಗುತ್ತದೆ.

ಸುಮಾರು ಭಾನುವಾರಗಳು ಹೀಗೆ ಹೋದವು. ಆಮೇಲೆ ರೇಸ್ ತರಬೇತಿಗೆ ಅಂತ ಕೊಯಮತ್ತೂರಿನ ರೈಲು ಹತ್ತಿದೆ. ಅಲ್ಲಿ ಚೆಟ್ಟಿಪಾಳಯಂನಲ್ಲಿ 2003ರಲ್ಲಿ ಶುರುವಾದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಸುಮಾರು 2.1 ಕಿಲೋಮೀಟರ್ ಉದ್ದದ ಟ್ರ್ಯಾಕ್. ಎಸ್. ಕರಿವರ್ಧನ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ನಮ್ಮ ದೇಶದ ರೇಸಿಂಗ್ ಬಗ್ಗೆ ಮಾತಾಡುವವರು ಅವರನ್ನು ನೆನೆಯಲೇಬೇಕು. ಅದೇ ಮಾರುತಿ 800ರ ಎಂಜಿನ್ ಇಟ್ಟು, ಕಡಿಮೆ ಖರ್ಚಿನ ಒಂಟಿ ಸೀಟಿನ ರೇಸ್ ಕಾರು ಮಾಡಿದವರು ಅವರು. ಅದರ ಹೆಸರು ಫಾರ್ಮುಲಾ ಮಾರುತಿ. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಮೊದಲ ರೇಸ್ ಓಡಿಸಿದ್ದು ಫಾರ್ಮುಲಾ ಮಾರುತಿಯಲ್ಲೇ. ಬಜಪೆಯ ಕೆಂಪು ಮಣ್ಣಿನಲ್ಲಿ ನಾನು ಹಿಡಿದದ್ದೂ ಅದೇ ಎಂಜಿನಿನ ಕಾರು ಅಂತ ನೆನೆದಾಗ ತುಂಬ ಹೆಮ್ಮೆ ಆಯಿತು.

ಬೆಳಗ್ಗೆ ಕ್ಲಾಸು. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಓವರ್‌ಟೇಕ್ ಮಾಡುವ ಹಾಗಿಲ್ಲ. ಕೆಂಪು ಕಂಡರೆ ರೇಸ್ ನಿಂತಿದೆ. ನೀಲಿ ಅಂದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ. ತಿರುವಿಗೆ ಹೊರ ಅಂಚಿನಿಂದ ಬರಬೇಕು, ನಡುವೆ ಒಳ ಅಂಚನ್ನು ಮುಟ್ಟಬೇಕು, ಮತ್ತೆ ಹೊರ ಅಂಚಿಗೆ ಹೋಗಬೇಕು. ಒಳ ಅಂಚು ಮುಟ್ಟುವ ಆ ಜಾಗಕ್ಕೆ ಅಪೆಕ್ಸ್ ಅನ್ನುತ್ತಾರೆ. ಹೊಸಬರು ಅದನ್ನು ಸ್ವಲ್ಪ ತಡವಾಗಿ ಮುಟ್ಟಿದರೆ ಒಳ್ಳೆಯದು. ಆಗ ಹೊರಬರುವಾಗ ರಸ್ತೆ ಉಳಿದಿರುತ್ತದೆ, ಆಕ್ಸಿಲರೇಟರ್ ಬೇಗ ಒತ್ತಬಹುದು.

ಬೆಂಕಿ ತಡೆಯುವ ಸೂಟು, ಹೆಲ್ಮೆಟ್, ಗ್ಲೌಸ್ ಎಲ್ಲ ಹಾಕಿಕೊಂಡು ಒಂಟಿ ಸೀಟಿನ ರೇಸ್ ಕಾರಿನೊಳಗೆ ಇಳಿದೆ. ಇಳಿದೆ ಅಂತಲೇ ಹೇಳಬೇಕು. ಕಾಲು ಮುಂದೆ ಚಾಚಿ ಅರ್ಧ ಮಲಗಿದ ಹಾಗೆ ಕೂರುವುದು. ನೆಲ ಕೈಗೆ ಸಿಗುವಷ್ಟು ಹತ್ತಿರ. ಹೆಗಲು, ಸೊಂಟ, ತೊಡೆಸಂದು ಎಲ್ಲ ಕಡೆಯಿಂದ ಬಂದ ಬೆಲ್ಟುಗಳನ್ನು ಎಳೆದು ಬಿಗಿದಾಗ ಮೈ ಮತ್ತು ಕಾರು ಬೇರೆ ಅನಿಸಲಿಲ್ಲ. ನಮ್ಮ ಬ್ಯಾಚಿನಲ್ಲಿ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದ. ಕಾಲೇಜಿನಲ್ಲಿ ಸ್ನೇಹಿತರ ಜೊತೆ ರೇಸ್ ಕಾರು ಕಟ್ಟಿದವನು. ಬಗ್ಗಿ ಹೇಳಿದ: "ಅಕ್ಕ, ಇದಕ್ಕೆ ಬ್ರೇಕ್ ಬೂಸ್ಟರ್ ಇಲ್ಲ. ಪೆಡಲ್ ಕಲ್ಲಿನ ಹಾಗೆ ಉಂಟು. ಹೆದರಬೇಡಿ, ಇಡೀ ಕಾಲಿನ ಬಲ ಹಾಕಿ ಒತ್ತಿ."

ಮೊದಮೊದಲು ತರಬೇತುದಾರರ ಕಾರಿನ ಹಿಂದೆ ಹೋದೆವು. ಆಮೇಲೆ ನಮ್ಮಷ್ಟಕ್ಕೆ ಬಿಟ್ಟರು. ನೇರ ರಸ್ತೆಯಲ್ಲಿ ಎಂಜಿನ್ ಸದ್ದು ಬೆನ್ನಿನ ಒಳಗೇ ಬರುತ್ತದೆ. ಗಂಟೆಗೆ 100 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ಕಣ್ಣು ಮಿಟುಕಿಸುವುದರಲ್ಲಿ ಕಾರು ಎಷ್ಟೋ ದೂರ ಹೋಗಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಇದನ್ನು ಶಾಲೆಯಲ್ಲಿ ಓದಿದ್ದೆ, ಅಲ್ವಾ? ಇಲ್ಲಿ ಅದು ಹೊಟ್ಟೆಗೇ ತಾಗಿತು.

ಊಟಕ್ಕಿಂತ ಮೊದಲಿನ ಸುತ್ತುಗಳಲ್ಲಿ ಒಂದು ಬಲ ತಿರುವು ಇದ್ದಕ್ಕಿದ್ದ ಹಾಗೆ ಎದುರಾಗುತ್ತಿತ್ತು. ಊಟದ ಮೇಲೆ ಬಜಪೆಯ ಪಾಠ ನೆನಪಿಟ್ಟು ನೋಟವನ್ನು ಮುಂದಕ್ಕೆ ಕಳಿಸಿದೆ. ಬ್ರೇಕ್ ಹಾಕುವ ಮೊದಲೇ ಒಳ ಅಂಚು ನೋಡಿದೆ, ಒಳ ಅಂಚು ಮುಟ್ಟುವ ಮೊದಲೇ ಹೊರದಾರಿ ನೋಡಿದೆ. ಅದೇ ತಿರುವು, ಅದೇ ವೇಗ. ಆದರೆ ಸಮಯ ಜಾಸ್ತಿ ಸಿಕ್ಕ ಹಾಗಾಯಿತು. ಬ್ರೇಕ್ ಗಟ್ಟಿಯಾಗಿ ಒತ್ತಿದಾಗ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಂತು. ಮೂತಿ ತಿರುಗಿತು. ಸ್ಟಿಯರಿಂಗ್ ನಿಧಾನಕ್ಕೆ ನೇರ ಮಾಡುತ್ತಾ ಆಕ್ಸಿಲರೇಟರ್ ಒತ್ತಿದೆ. ಕಾರು ತಾನಾಗಿ ಹೊರ ಅಂಚಿಗೆ ಹರಿಯಿತು, ನಾನು ಮನಸ್ಸಿನಲ್ಲಿ ಎಳೆದ ಗೆರೆಯ ಮೇಲೇ. ಹೆಲ್ಮೆಟ್ಟಿನೊಳಗೆ ಕೂಗಿಬಿಟ್ಟೆ. ಅಂಥ ಖುಷಿ ನನಗೆ ದೊಡ್ಡವಳಾದ ಮೇಲೆ ಸಿಕ್ಕಿರಲಿಲ್ಲ. ಧೈರ್ಯ ಅಂದರೆ ಹೆದರದೆ ಒತ್ತುವುದು ಅಂತ ಜನ ತಿಳಿದಿದ್ದಾರೆ. ನನಗೆ ಅಲ್ಲಿ ಬಂದ ಧೈರ್ಯ ಬೇರೆ. ಕಾರು ಈಗ ಏನು ಮಾಡುತ್ತದೆ ಅಂತ ನನಗೆ ಗೊತ್ತಿತ್ತು, ಅಷ್ಟೇ.

ಸಂಜೆ ಕುತ್ತಿಗೆ, ಎಡಗಾಲು, ಬಲಗಾಲು ಎಲ್ಲ ನೋವು. ನಮ್ಮ ಬ್ಯಾಚಿನಲ್ಲಿ ನಾನೊಬ್ಬಳೇ ಹೆಂಗಸು. ಅದೇನೂ ತೊಡಕಾಗಲಿಲ್ಲ. ವಿಮಾನದ ಪೈಲಟ್ ಆಗಿದ್ದುಕೊಂಡೇ ಫಾರ್ಮುಲಾ ಕಾರು ಓಡಿಸಿದ ಸ್ನೇಹಾ ಶರ್ಮಾ ಅಂಥವರು ನಮ್ಮಲ್ಲಿದ್ದಾರೆ. ಟ್ರ್ಯಾಕಿನಲ್ಲಿ ಸ್ಟಾಪ್‌ವಾಚ್ ಯಾರು ಓಡಿಸಿದ್ದು ಅಂತ ಕೇಳುವುದಿಲ್ಲ. ನಮ್ಮ ಕಡೆಯ ಹುಡುಗಿಯರು ಇದಕ್ಕೆ ಬರಬೇಕು ಅಂತ ನನಗೆ ನಿಜವಾಗಿ ಆಸೆ.

ಊರಿಗೆ ಬಂದು ಅಪ್ಪನ ಹತ್ತಿರ ಎಲ್ಲ ಹೇಳಿದೆ. ಅಪ್ಪ ಬಹಳ ವರ್ಷ ಮಂಗಳೂರು ಹಂಚು ಹೇರಿದ ಲಾರಿಯನ್ನು ಶಿರಾಡಿ ಘಾಟಿಯಲ್ಲಿ ಓಡಿಸಿದವರು. ಭಾರ ಮುಂದಕ್ಕೆ ಬರುವ ವಿಷಯ ಹೇಳುವಾಗ ಅವರು ನಡುವೆಯೇ, "ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಹಂಚು ಒಡೆಯುತ್ತದೆ. ಸ್ಪೀಡು ಮೊದಲೇ ಇಳಿಸಿಕೊಳ್ಳಬೇಕು, ಗೇರಿನಲ್ಲೇ" ಅಂದರು. ಅಪೆಕ್ಸ್ ಅನ್ನುವ ಮಾತು ಅವರು ಕೇಳಿಲ್ಲ. ಆದರೂ ಮೇಜಿನ ಮೇಲೆ ಬೆರಳಿನಲ್ಲಿ ಘಾಟಿಯ ತಿರುವು ಬಿಡಿಸಿ, ಲಾರಿ ಎಲ್ಲಿಂದ ಎಲ್ಲಿಗೆ ಬರಬೇಕು ಅಂತ ತೋರಿಸಿದರು. ರಾತ್ರಿ ತುಂಬ ಹೊತ್ತು ಮಾತಾಡಿದೆವು. ಅಪ್ಪನ ಕೆಲಸದ ಬಗ್ಗೆ ನಾನು ಅಷ್ಟು ಕೇಳಿದ್ದು ಅದೇ ಮೊದಲು.

ರೇಸಿನಲ್ಲಿ ಇಳಿಯಬೇಕಾದರೆ ನಮ್ಮ ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಲೈಸೆನ್ಸ್ ಬೇಕು. ಈಗ ಅದರ ಕಾಗದಪತ್ರ ಸೇರಿಸುತ್ತಿದ್ದೇನೆ. ಜೊತೆಗೆ ಹೀಲ್ ಆಂಡ್ ಟೋ ಕಲಿಯುತ್ತಿದ್ದೇನೆ. ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಒತ್ತಿಕೊಂಡೇ, ಅದೇ ಕಾಲಿನ ಪಕ್ಕದಿಂದ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವ ಕ್ರಮ. ಬ್ಯಾಂಕಿನ ಕುರ್ಚಿಯ ಕೆಳಗೂ ಕಾಲು ಅದನ್ನೇ ಮಾಡುತ್ತಿರುತ್ತದೆ.