ಹೋಮ್‌ವರ್ಕ್ ನೆನಪಿಡುವುದು ಯಾರ ಕೆಲಸ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಒಂಬತ್ತು ಮತ್ತು ಹತ್ತನೇ ಕ್ಲಾಸಿಗೆ. ಕೊರೋನಾ ಕಾಲದಲ್ಲಿ ಶುರುವಾದ ಕ್ಲಾಸ್ ವಾಟ್ಸಾಪ್ ಗ್ರೂಪು ಶಾಲೆ ತೆರೆದ ಮೇಲೂ ನಿಲ್ಲಲಿಲ್ಲ. ಇವತ್ತಿನ ಹೋಮ್‌ವರ್ಕ್ ಏನು, ನಾಳೆ ಗ್ರಾಫ್ ಹಾಳೆ ತರಬೇಕಾ, ಪ್ರಾಜೆಕ್ಟ್ ಯಾವತ್ತು ಕೊಡಬೇಕು, ಎಲ್ಲ ಈಗ ಅಮ್ಮಂದಿರ ಫೋನಿನಲ್ಲಿ. ಹುಡುಗ ಕ್ಲಾಸಿನಲ್ಲಿ ಪೆನ್ನೇ ತೆಗೆಯುವುದಿಲ್ಲ. ಯಾಕೆ ತೆಗೆಯಬೇಕು, ಸಂಜೆ ಗ್ರೂಪಿಗೆ ಬಂದೇ ಬರುತ್ತಲ್ವಾ?

ಆಮೇಲೆ ಅದೇ ಹುಡುಗ ಹತ್ತನೇ ಕ್ಲಾಸಿಗೆ ಬಂದಾಗ "ನಿಂಗೆ ಸ್ವಲ್ಪನೂ ಜವಾಬ್ದಾರಿ ಇಲ್ಲ" ಅಂತ ಮನೆಯಲ್ಲೂ ಬೈಗುಳ, ಸ್ಟಾಫ್ ರೂಮಿನಲ್ಲೂ ಬೈಗುಳ. ಇದು ನನಗೆ ಸರಿ ಕಾಣುವುದಿಲ್ಲ. ಅಭ್ಯಾಸ ಮಾಡುವುದಕ್ಕೆ ಜಾಗವನ್ನೇ ಕೊಡದೆ ಬಂದಿಲ್ಲ ಅಂತ ಬೈದರೆ ಹೇಗೆ?

ನೆನಪಿಟ್ಟುಕೊಳ್ಳುವುದು, ಕೆಲಸ ಶುರು ಮಾಡುವುದು, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಂದಾಜು ಹಾಕುವುದು, ಮನಸ್ಸು ಮೊಬೈಲ್ ಕಡೆ ಎಳೆದಾಗ ತಡೆದುಕೊಳ್ಳುವುದು. ಇವೆಲ್ಲ ಕಲಿತು ಬರುವ ವಿದ್ಯೆಗಳು. ಇವನ್ನು ಹೆಚ್ಚಾಗಿ ನೋಡಿಕೊಳ್ಳುವುದು ಮಿದುಳಿನಲ್ಲಿ ಹಣೆಯ ಹಿಂದೆ ಇರುವ ಭಾಗ. ಅದು ಪೂರ್ತಿ ಬಲಿಯುವಷ್ಟರಲ್ಲಿ ವಯಸ್ಸು 25ರ ಹತ್ತಿರ ಬಂದಿರುತ್ತದೆ. 14 ವರ್ಷದ ಮಗುವಿಗೆ "ಪ್ಲಾನ್ ಮಾಡ್ಕೊಂಡು ಓದು" ಅಂತ ಒಂದು ಮಾತು ಹೇಳಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ತಲೆಯೊಳಗೆ ಇನ್ನೂ ಬಲಿಯದೇ ಇರುವುದನ್ನು ಸ್ವಲ್ಪ ದಿನ ಹೊರಗೆ, ಬೋರ್ಡಿನ ಮೇಲೆ, ನೋಟ್‌ಬುಕ್ಕಿನಲ್ಲಿ ಇಟ್ಟುಕೊಡಬೇಕು.

ನಾನು ಮೊದಲು ಬದಲಾಯಿಸಿದ್ದು ತೀರಾ ಚಿಕ್ಕ ವಿಷಯ. ಬೆಲ್ ಹೊಡೆದ ಮೇಲೆ, ಅರ್ಧ ಕ್ಲಾಸು ಎದ್ದು ನಿಂತಿರುವಾಗ ಹೋಮ್‌ವರ್ಕ್ ಕೂಗಿ ಹೇಳುವ ಚಾಳಿ ನಮ್ಮಲ್ಲಿ ತುಂಬಾ ಜನಕ್ಕಿದೆ. ಅದನ್ನು ನಿಲ್ಲಿಸಿದೆ. ಈಗ ಪೀರಿಯಡ್ಡಿನ ಕೊನೆಯ ಐದು ನಿಮಿಷ ಅದಕ್ಕೇ ಮೀಸಲು. ಬೋರ್ಡಿನ ಬಲಗಡೆ ಮೂಲೆಯಲ್ಲಿ ಬರೆಯುತ್ತೇನೆ, ಯಾವತ್ತೂ ಅದೇ ಮೂಲೆ. ಮಕ್ಕಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ ಮೊದಲನೇ ಪ್ರಶ್ನೆಗೆ ಉತ್ತರದ ಮೊದಲ ಸಾಲನ್ನು ಅಲ್ಲೇ ಕೂತು ಬರೆಯಬೇಕು. ಆ ಒಂದು ಸಾಲಿನ ಮಹಿಮೆ ದೊಡ್ಡದು. ಮನೆಯಲ್ಲಿ ಖಾಲಿ ಹಾಳೆ ಬಿಚ್ಚಿ ಕೂರುವುದೇ ಮಕ್ಕಳಿಗೆ ಬೆಟ್ಟ, ಒಂದು ಸಾಲು ಆಗಿದ್ದರೆ ಮುಂದುವರಿಸಿದರೆ ಸಾಕು.

ಎರಡನೆಯದು ಸಮಯದ ಅಂದಾಜು. ಒಂಬತ್ತನೇ ಕ್ಲಾಸಿನಲ್ಲಿ ಸಸ್ಯಕೋಶದ ಚಿತ್ರ ಬರೆದು ಭಾಗ ಗುರುತಿಸಬೇಕು. ಎಷ್ಟು ಹೊತ್ತು ಬೇಕ್ರೋ ಅಂದರೆ "ಐದು ನಿಮಿಷ ಮಿಸ್" ಅಂತ ಎಲ್ಲರದೂ ಒಂದೇ ರಾಗ. ಹಾಳೆಯ ಅಂಚಿನಲ್ಲಿ ಆ ಅಂದಾಜು ಬರೆಸಿ, ಚಿತ್ರ ಮುಗಿದ ಮೇಲೆ ನಿಜವಾಗಿ ಹಿಡಿದ ಹೊತ್ತನ್ನು ಪಕ್ಕದಲ್ಲೇ ಬರೆಸುತ್ತೇನೆ. ಐದು ಅಂದವರಿಗೆ ಇಪ್ಪತ್ತು ಹಿಡಿದಿರುತ್ತದೆ. ಇದು ಮಕ್ಕಳ ಹುಡುಗಾಟ ಮಾತ್ರ ಅಲ್ಲ. ಕೆಲಸ ಮುಗಿಸಲು ಬೇಕಾದ ಸಮಯವನ್ನು ಮನುಷ್ಯರು ಕಡಿಮೆ ಅಂದುಕೊಳ್ಳುತ್ತಾರೆ ಅಂತ ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು (ನಮ್ಮೂರ ರಸ್ತೆ ಕಾಮಗಾರಿ ನೋಡಿದವರಿಗೆ ಅದು ಓದದೇನೇ ಗೊತ್ತು). ಇಲ್ಲಿ ನಾನು ಬೈಯುವುದಿಲ್ಲ, ನಗುವುದೂ ಇಲ್ಲ. ಎರಡು ಸಂಖ್ಯೆ ಅಕ್ಕಪಕ್ಕ ಇದ್ದರೆ ಸಾಕು, ಸ್ವಲ್ಪ ದಿನದಲ್ಲಿ ಅವರೇ "ಚಿತ್ರ ಇದ್ರೆ ಜಾಸ್ತಿ ಹೊತ್ತು ಇಟ್ಕೋಬೇಕು" ಅಂತಾರೆ.

ಇದು ಹತ್ತನೇ ಕ್ಲಾಸಿನಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎಸ್ಎಸ್ಎಲ್‌ಸಿ ವಿಜ್ಞಾನ ಪತ್ರಿಕೆ 80 ಅಂಕದ್ದು, ಸಮಯ 3 ಗಂಟೆ 15 ನಿಮಿಷ, ಅದರಲ್ಲಿ 15 ನಿಮಿಷ ಪ್ರಶ್ನೆ ಓದುವುದಕ್ಕೆ. ಅಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ, ನಾಲ್ಕು ಅಂಕದ ಪ್ರಶ್ನೆಗೆ ಒಂಬತ್ತು ನಿಮಿಷ. ಈ ಲೆಕ್ಕ ಮಕ್ಕಳ ಕೈಯಲ್ಲೇ ಮಾಡಿಸಬೇಕು. ಆ 15 ನಿಮಿಷದಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳಿಕೊಡದಿದ್ದರೆ ಮೊದಲ ಪುಟ ಓದಿ ಕಿಟಕಿ ನೋಡುತ್ತಾ ಕೂರುತ್ತಾರೆ. ಕ್ಲಾಸ್ ಟೆಸ್ಟಿನಲ್ಲಿ ನಾನು ಮೊದಲ ಕೆಲವು ನಿಮಿಷ ಪೆನ್ನು ಮುಟ್ಟಲು ಬಿಡುವುದಿಲ್ಲ. ಯಾವುದು ಚೆನ್ನಾಗಿ ಬರುತ್ತೆ, ಯಾವುದನ್ನು ಕೊನೆಗೆ ಇಟ್ಟುಕೊಳ್ಳೋದು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಯೇ ಶುರು ಮಾಡಬೇಕು.

ಇನ್ನು ಮನೆಯ ವಿಷಯ. ನಮ್ಮ ಕಡೆ ಮಕ್ಕಳಿಗೆ "ಸಂಜೆ ಆರರಿಂದ ಎಂಟು ಓದು" ಅನ್ನುವ ಟೈಮ್ ಟೇಬಲ್ ಗೋಡೆಗೆ ಅಂಟಿಸಿದ ದಿನ ಮಾತ್ರ ನಡೆಯುತ್ತದೆ. ಹಾಲು ಕರೆಯುವುದು ತಡ ಆಗಬಹುದು, ಕರೆಂಟ್ ಹೋಗಬಹುದು, ತಂಗಿಯನ್ನು ನೋಡಿಕೊಳ್ಳುವುದು ಬರಬಹುದು. ಹೆಣ್ಣುಮಕ್ಕಳಿಗಂತೂ ಪಾತ್ರೆ, ನೀರು, ಚಪಾತಿ ಎಲ್ಲ ಆದ ಮೇಲೆ ಪುಸ್ತಕ. ಅದಕ್ಕೆ ಗಡಿಯಾರದ ಬದಲು ದಿನಾ ತಪ್ಪದೇ ನಡೆಯುವ ಒಂದು ಕೆಲಸಕ್ಕೆ ಓದನ್ನು ಗಂಟು ಹಾಕಿಸುತ್ತೇನೆ. "ಡೈರಿಗೆ ಹಾಲು ಹಾಕಿ ಬಂದು ಕ್ಯಾನ್ ತೊಳೆದಿಟ್ಟ ತಕ್ಷಣ ಗಣಿತದ ಪುಸ್ತಕ ತೆಗೀತೀನಿ." ಒಬ್ಬ ಹುಡುಗ ಬರೆದುಕೊಂಡ ಸಾಲು ಇದು. "ಹೀಗಾದಾಗ ಹೀಗೆ ಮಾಡ್ತೀನಿ" ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಸುಮ್ನೆ "ಓದ್ತೀನಿ" ಅಂದುಕೊಳ್ಳುವುದಕ್ಕಿಂತ ಕೆಲಸ ಜಾಸ್ತಿ ಆಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ವಿವರವಾಗಿ ಬರೆದಿದ್ದಾರೆ. ಎಲ್ಲರಿಗೂ ಎಲ್ಲ ದಿನವೂ ನಡೆಯುತ್ತೆ ಅಂತಲ್ಲ. ಗೋಡೆಯ ಟೈಮ್ ಟೇಬಲ್ಲಿಗಿಂತ ಎಷ್ಟೋ ವಾಸಿ.

ಜನ ಮರೆಯುವುದು ಒಂದನ್ನು. ಈ ಆಸರೆಗಳನ್ನು ಒಂದು ದಿನ ತೆಗೆಯಲೂ ಬೇಕು. ಜೂನ್‌ನಿಂದ ದಸರಾ ರಜೆ ತನಕ ಬೋರ್ಡಿನ ಮೂಲೆಯಲ್ಲಿ ನಾನೇ ಬರೆಯುತ್ತೇನೆ. ರಜೆ ಮುಗಿದ ಮೇಲೆ ಸರದಿಯಲ್ಲಿ ಮಕ್ಕಳು ಬರೆಯುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಮೂಲೆ ಖಾಲಿ, ಬಾಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಅವರವರೇ ಬರೆದುಕೊಳ್ಳಬೇಕು. ಆಗ ಕೆಲವರು ಮರೆಯುತ್ತಾರೆ. ಮರೆಯಲಿ, ಒಂಬತ್ತನೇ ಕ್ಲಾಸಿನ ಹೋಮ್‌ವರ್ಕ್ ಮರೆತರೆ ಯಾರ ಮನೆಯೂ ಮುಳುಗುವುದಿಲ್ಲ.

ಅಪ್ಪ ಅಮ್ಮಂದಿರ ಮೀಟಿಂಗಿನಲ್ಲಿ ಇದಕ್ಕೆ ಜಗಳವೇ ಆಗಿದೆ. "ಗ್ರೂಪಿಗೆ ಹಾಕಿಬಿಡಿ ಮೇಡಂ, ನಾವೇ ಮಾಡಿಸ್ತೀವಿ" ಅಂತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ನಾನು ಅವರ ಜೊತೆ ಮಾಡಿಕೊಂಡ ಒಪ್ಪಂದ ಇಷ್ಟೇ: ರಜೆ, ಫೀಸು, ಪರೀಕ್ಷೆ ತಾರೀಕು ಗ್ರೂಪಿಗೆ ಬರುತ್ತದೆ, ಹೋಮ್‌ವರ್ಕ್ ಬರುವುದಿಲ್ಲ. ಮನೆಯಲ್ಲಿ "ಹೋಮ್‌ವರ್ಕ್ ಆಯ್ತಾ?" ಅಂತ ಕೇಳುವ ಬದಲು "ಹಿಂದಿನ ಪುಟ ತೋರಿಸು" ಅನ್ನಿ. ಪುಟ ಖಾಲಿ ಇದ್ದರೆ ನನಗೆ ಫೋನ್ ಮಾಡಬೇಡಿ, ಅವನೇ ಗೆಳೆಯನ ಮನೆಗೆ ಹೋಗಿ ಕೇಳಿಕೊಂಡು ಬರಲಿ.

ಇಷ್ಟೆಲ್ಲ ಮಾಡಿದರೂ ಏನೂ ನಿಲ್ಲದ ಮಕ್ಕಳು ಒಬ್ಬಿಬ್ಬರು ಇರುತ್ತಾರೆ, ಬುದ್ಧಿ ಚುರುಕು, ಆದರೆ ಪುಸ್ತಕ, ಪೆನ್ನು, ಊಟದ ಡಬ್ಬಿ ದಿನಾ ಕಳೆಯುತ್ತವೆ. ಅವರಿಗೆ ಸೋಮಾರಿ ಅಂತಲೂ, ನಾವೇ ಡಾಕ್ಟರ್ ಆಗಿ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲಿಸಲು, ಚಡಪಡಿಕೆ ತಡೆಯಲು ಕಷ್ಟವಾಗುವ ಸ್ಥಿತಿ) ಅಂತಲೂ ಪಟ್ಟ ಕಟ್ಟಬಾರದು. ಕಂಡದ್ದನ್ನು ತಾರೀಕು ಹಾಕಿ ಬರೆದಿಟ್ಟು ಮನೆಯವರನ್ನು ಕೂರಿಸಿ ಮಾತಾಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಒಮ್ಮೆ ತೋರಿಸಿ ಅನ್ನುತ್ತೇನೆ. ಅಂಥವರಿಗೆ ಮಾತ್ರ ಬೋರ್ಡಿನ ಮೂಲೆ ಸಂಕ್ರಾಂತಿ ಆದ ಮೇಲೂ ಇರುತ್ತದೆ, ಒಂದು ಚೀಟಿಯಲ್ಲಿ.