ಮುಂದಿನ ಚಕ್ರ ಯಾಕೆ ಚಿಕ್ಕದು ಅಂತ ಗೊತ್ತಾದ ದಿನ

ಹಾಸನದಲ್ಲಿ ನಮ್ಮದೊಂದು ಮರಗೆಲಸದ ಶೆಡ್ ಇದೆ. ಬಾಗಿಲು, ಕಿಟಕಿ, ದೇವರ ಮಂಟಪ ಮಾಮೂಲಿ ಕೆಲಸ. ಅಪ್ಪನ ಕಾಲದಲ್ಲಿ ಎತ್ತಿನ ಗಾಡಿಯೇ ಜಾಸ್ತಿ. ಸುತ್ತಲ ಊರಿನ ತೇರುಗಳ ರಿಪೇರಿಗೂ ಹೋಗುತ್ತಿದ್ದೆವು. ಹಾಗಾಗಿ ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರು ಬಂದು, "ಮಗನ ಮದುವೆಗೆ ಎರಡು ಕುದುರೆ ಸಾರೋಟು ಬೇಕು, ಆಮೇಲೆ ಬಾಡಿಗೆಗೂ ಬಿಡ್ತೀವಿ" ಅಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಚಕ್ರ ಗೊತ್ತು, ಕೆತ್ತನೆ ಗೊತ್ತು. ಇನ್ನೇನು ಬೇಕು?

ಅವರು ಮೊಬೈಲಿನಲ್ಲಿ ತೋರಿಸಿದ್ದು ಲಂಡನ್ನಿನ ಚಿನ್ನದ ಸಾರೋಟು. 1762ರದ್ದು. 2023ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕ ಮುಗಿಸಿ ಅರಮನೆಗೆ ವಾಪಸಾಗಿದ್ದೂ ಅದರಲ್ಲೇ. ನಾಲ್ಕು ಟನ್ ತೂಕ. ಎಂಟು ಕುದುರೆ ಕಟ್ಟಿದರೂ ಮನುಷ್ಯ ನಡೆಯುವಷ್ಟೇ ವೇಗ. ಮೈಯೆಲ್ಲಾ ಕೆತ್ತನೆ, ಅದರ ಮೇಲೆ ಚಿನ್ನದ ರೇಕು. "ನಮಗೆ ಇಷ್ಟೆಲ್ಲ ಬೇಡ ಆಚಾರ್ರೇ, ಬೇಲೂರಿನ ಮದನಿಕೆ ನಾಲ್ಕು ಇದ್ದರೆ ಸಾಕು" ಅಂದರು. ಅದು ಸುಲಭದ ಕೆಲಸ ಅಂತ ಅಂದುಕೊಂಡಿದ್ದರು ಪಾಪ.

ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ನೋಡಿದ್ದೆಲ್ಲ ಕೆತ್ತನೆಯನ್ನೇ. ಹಿಂದಿನ ಚಕ್ರ ದೊಡ್ಡದು, ಮುಂದಿನದು ಚಿಕ್ಕದು ಅನ್ನುವುದು ಕಣ್ಣಿಗೆ ಬಿದ್ದಿತ್ತು. ಅಂದಕ್ಕೆ ಮಾಡಿದ್ದಾರೆ ಅಂದುಕೊಂಡು ಬಿಟ್ಟೆ.

ಚಕ್ರದ ಕೆಲಸಕ್ಕೆ ಮಾತ್ರ ಈಗಲೂ ಹೆಸರು ಇಡಲಾರಿರಿ. ನಡುವಿನ ಗುಂಬ, ಅದರಿಂದ ಅಂಚಿಗೆ ಹೋಗುವ ಅರ ಎಲ್ಲ ಜಾಲಿ ಮರ. ಅರಗಳು ನೆಟ್ಟಗೆ ನಿಲ್ಲುವುದಿಲ್ಲ, ಸ್ವಲ್ಪ ಹೊರಕ್ಕೆ ವಾಲಿರುತ್ತವೆ. ಪಕ್ಕದಿಂದ ನೋಡಿದರೆ ಚಕ್ರ ತಟ್ಟೆಯ ಹಾಗೆ ತಗ್ಗಾಗಿ ಕಾಣಬೇಕು. ಗಾಡಿ ಅತ್ತಿತ್ತ ತೂಗಿದಾಗ ಗುಂಬ ಅರಗಳನ್ನು ಪಕ್ಕಕ್ಕೆ ಒತ್ತುತ್ತದಲ್ಲ, ಆ ಒತ್ತಡ ತಡೆಯುವುದು ಈ ವಾಲಿಕೆಯೇ. ಆಮೇಲೆ ಹಳಿ ಹಾಕುವುದು. ಕಬ್ಬಿಣದ ಬಳೆಯ ಸುತ್ತಳತೆ ಚಕ್ರಕ್ಕಿಂತ ಒಂದು ಇಂಚಿನಷ್ಟು ಕಮ್ಮಿ ಇರಬೇಕು. ಬೆರಣಿ, ಸೌದೆ ಒಟ್ಟಿ ಬಳೆ ಕೆಂಪಗೆ ಕಾಯಿಸಿ, ಮೂರು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಇಳಿಸುತ್ತೇವೆ. ಮರ ಹೊತ್ತಿಕೊಳ್ಳುತ್ತದೆ. ತಕ್ಷಣ ಬಿಂದಿಗೆ ಬಿಂದಿಗೆ ನೀರು. ಹೊಗೆಯಲ್ಲಿ ಏನೂ ಕಾಣುವುದಿಲ್ಲ. ಆದರೆ ಕಬ್ಬಿಣ ಕುಗ್ಗಿ ಒಂದೊಂದೇ ಕೀಲು ಬಿಗಿಯುವ ಕಟ ಕಟ ಸದ್ದು ಕೇಳುತ್ತದೆ. ಆ ಸದ್ದು ಬರಲಿಲ್ಲ ಅಂದರೆ ಅಳತೆ ತಪ್ಪಿದೆ ಅಂತ ಅರ್ಥ.

ಇಂಥ ನಾಲ್ಕು ಚಕ್ರ ಮಾಡಿದೆ. ನಾಲ್ಕೂ ಮೂರೂವರೆ ಅಡಿ.

ವರಪೂಜೆಯ ಸಂಜೆ ಚಿಕ್ಕಮಗಳೂರಿನಲ್ಲಿ ಮೆರವಣಿಗೆ ಹೊರಟಿತು. ಅದಕ್ಕೆ ಮೊದಲು ಓಡಿಸಿ ನೋಡಿರಲಿಲ್ಲ ಅಂತಲ್ಲ. ದೊಡ್ಡ ಬಯಲಿನಲ್ಲಿ ನೋಡಿದ್ದೆವು. ಅಲ್ಲಿ ಅಗಲವಾಗಿ ಸುತ್ತು ಹೊಡೆಯಬಹುದು, ಹೊಡೆದೆವು. ಮಂಟಪದ ಗೇಟು ಹಾಗಲ್ಲ, ರಸ್ತೆಯಿಂದ ಸೀದಾ ಅಡ್ಡಕ್ಕೆ ತಿರುಗಬೇಕು. ಕುದುರೆ ತಿರುಗಿದವು. ಮುಂದಿನ ಅಚ್ಚು ಸ್ವಲ್ಪ ತಿರುಗಿತು. ಅಷ್ಟರಲ್ಲಿ ಒಳಬದಿಯ ಚಕ್ರ ಸಾರೋಟಿನ ಪಕ್ಕೆಗೆ ತಾಗಿ ಕರ್ ಅಂತ ಉಜ್ಜಿ, ಮದನಿಕೆಯ ಒಂದು ಕಾಲು ಕಿತ್ತುಕೊಂಡು ಬಂತು. ಕುದುರೆ ಬೆದರಿದವು. ಲಗಾಮು ಹಿಡಿದಿದ್ದವರು ಒಂದು ಕಾಲಕ್ಕೆ ಜಟಕಾ ಓಡಿಸುತ್ತಿದ್ದ ಹಿರಿಯ ಸಾಬರು. ಅವರಿದ್ದರು ಅಂತ ಬಚಾವು. ಮದುಮಗ ಇಳಿದು ವಾಲಗದ ಹಿಂದೆ ನಡೆದೇ ಹೋದ. ಎಂಟು ಜನ ಸೇರಿ ಸಾರೋಟನ್ನು ಎತ್ತಿ ನೆಟ್ಟಗೆ ಮಾಡಿದೆವು.

ಸಾಬರು ಬೈಯಲಿಲ್ಲ. "ಆಚಾರ್ರೇ, ಕುದುರೆ ತಿರುಗ್ತಾವೆ, ನಿಮ್ಮ ಗಾಡಿ ತಿರುಗಲ್ಲ" ಅಂದರು ಅಷ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಆಗ ಹೊಳೆಯಿತು. ನಾನು ಕಲಿತಿದ್ದು ಎರಡೇ ಗಾಡಿ. ಎತ್ತಿನ ಗಾಡಿಗೆ ಎರಡೇ ಚಕ್ರ, ನಿಂತಲ್ಲೇ ತಿರುಗುತ್ತದೆ. ನಾನು ಕೆಲಸ ಮಾಡಿದ ತೇರುಗಳಿಗೆ ನಾಲ್ಕು ಚಕ್ರ, ಆದರೆ ಅವು ತಾವಾಗಿ ತಿರುಗುವ ಗಾಡಿಗಳೇ ಅಲ್ಲ. ಚಕ್ರದಡಿ ಮರದ ತುಂಡು ಕೊಟ್ಟು, ಮಿಣಿ ಎಳೆದು, ಊರೆಲ್ಲ ಸೇರಿ ಹೊರಳಿಸಬೇಕು. ಇವೆರಡರಲ್ಲೂ ಮುಂದಿನ ಚಕ್ರ ಗಾಡಿಯ ಹೊಟ್ಟೆಯಡಿ ನುಗ್ಗುವ ಪ್ರಶ್ನೆಯೇ ಬರುವುದಿಲ್ಲ. ಸಾರೋಟಿಗೆ ಅದೇ ಮುಖ್ಯ. ಎಳೆಯುವುದಕ್ಕೆ ದೊಡ್ಡ ಚಕ್ರವೇ ಹಗುರ, ಗುಂಡಿಗೂ ಜಗ್ಗುವುದಿಲ್ಲ. ಅದಕ್ಕೇ ಹಿಂದೆ ದೊಡ್ಡದು. ಮುಂದಿನದು ಒಳಕ್ಕೆ ನುಗ್ಗಲಿ ಅಂತ ಚಿಕ್ಕದು.

ಪರಿಹಾರ ಸಿಕ್ಕಿದ್ದು ಪಕ್ಕದ ಟ್ರ್ಯಾಕ್ಟರ್ ಟ್ರೈಲರ್ ಶೆಡ್ಡಿನಲ್ಲಿ. ನಾಲ್ಕು ಚಕ್ರದ ಟ್ರೈಲರಿಗೆ ಮುಂದೆ ಟರ್ನ್ ಟೇಬಲ್, ಅಂದರೆ ಮುಂದಿನ ಅಚ್ಚನ್ನು ತಿರುಗಿಸುವ ದುಂಡನೆಯ ಕಬ್ಬಿಣದ ಬಳೆ ಇರುತ್ತದಲ್ಲ, ಅದನ್ನು ದಿನಾ ನೋಡುತ್ತಲೇ ಇದ್ದೆ! ಗುಜರಿಯ ಒಂದು ಟೇಬಲ್ ತಂದು ಕೂರಿಸಿದೆ. ಮುಂದಿನ ಚಕ್ರ ಎರಡೂವರೆ ಅಡಿಗೆ ಇಳಿಸಿದೆ. ಮುಂಭಾಗದ ಚೌಕಟ್ಟನ್ನು ಹಂಸದ ಕತ್ತಿನ ಹಾಗೆ ಮೇಲಕ್ಕೆ ಬಗ್ಗಿಸಿದೆ. ಇದಕ್ಕೆ ದುಡ್ಡು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ಕುಲುಕು ತಡೆಯುವ ಉಕ್ಕಿನ ಕಮಾನು ಪಟ್ಟಿ ಮಾತ್ರ ಮೊದಲ ಸಲವೇ ಸರಿ ಬಂದಿತ್ತು. ಹಳೇ ಅಂಬಾಸಿಡರ್ ಕಾರಿನದು, ಎರಡು ಎಲೆ ಕಳಚಿ ಮೆದು ಮಾಡಿದ್ದೆ. ಲಂಡನ್ನಿನ ಚಿನ್ನದ ಸಾರೋಟು ಈಗಲೂ ಚರ್ಮದ ಪಟ್ಟಿಗಳ ಮೇಲೆ ತೂಗುತ್ತದೆ. 1953ರಲ್ಲಿ ಅದರಲ್ಲಿ ಕೂತಿದ್ದ ರಾಣಿ ಎಲಿಜಬೆತ್ ಆ ಸವಾರಿ ಭಯಂಕರವಾಗಿತ್ತು ಅಂತ ವಯಸ್ಸಾದ ಮೇಲೂ ಹೇಳಿಕೊಂಡಿದ್ದರು. ನಮ್ಮದರಲ್ಲಿ ಕೂತವರು ಸೊಂಟದ ಬಗ್ಗೆ ಇದುವರೆಗೆ ದೂರಿಲ್ಲ.

ಈಗ ಸಾರೋಟು ಕೇಳಿಕೊಂಡು ಯಾರೇ ಬಂದರೂ ಮಂಟಪದ ಗೇಟಿನ ಅಗಲ, ಮುಂದಿನ ರಸ್ತೆಯ ಅಗಲ ಅಳೆದು ತನ್ನಿ ಅನ್ನುತ್ತೇನೆ. ಕೆತ್ತನೆ ಮಾತು ಆಮೇಲೆ. ಕೆಲವರಿಗೆ ಬೇಜಾರಾಗುತ್ತದೆ.

ರಿಪೇರಿ ಮುಗಿದ ದಿನ ಸಾಬರನ್ನು ಕರೆಸಿದೆ. ಶೆಡ್ಡಿನ ಮುಂದಿನ ಇಕ್ಕಟ್ಟಿನಲ್ಲೇ ಎರಡು ಸುತ್ತು ಹಾಕಿ ಇಳಿದರು. "ಈಗ ಸರಿ" ಅಂದರು. ಆಮೇಲೆ ಮತ್ತೆ ಹತ್ತಿ ಕೂತು, ಬ್ರೇಕಿನ ಹಿಡಿಕೆಗೆ ಕೈ ಚಾಚಿ ತೋರಿಸಿದರು. ಎಟುಕುತ್ತಿರಲಿಲ್ಲ. ಅದಕ್ಕೆ ಇನ್ನೂ ಒಂದು ವಾರ ಹಿಡಿಯಿತು.